ನಿಮಗಿದು ಗೊತ್ತೆ? ಕನ್ನಡ ಕಲಿಯುತ್ತಿದೆ ಚೆನ್ನೈನ ಕಂಪ್ಯೂಟರ್

ಕಂಪ್ಯೂಟರಿಗೆ ಕನ್ನಡವೂ ಸೇರಿ ನಮ್ಮ 22 ಭಾಷೆಗಳನ್ನು ಕಲಿಸುವ ದೊಡ್ಡ ಕೆಲಸ ನಡೆದಿರುವುದು ಚೆನ್ನೈನಲ್ಲಿ, ಐಐಟಿ ಮದ್ರಾಸ್‌ನ ‘ಎಐ4ಭಾರತ್’ ಕೇಂದ್ರದಲ್ಲಿ. ಇದಕ್ಕೆ 2022ರಲ್ಲಿ ₹36 ಕೋಟಿ ನೆರವಿತ್ತವರು ಬೆಂಗಳೂರಿನ ರೋಹಿಣಿ ಮತ್ತು ನಂದನ್ ನಿಲೇಕಣಿ.

ಇಂಗ್ಲಿಷಿಗೆ ಹೋಲಿಸಿದರೆ ನಮ್ಮ ಭಾಷೆಗಳ ಧ್ವನಿಮುದ್ರಿಕೆ ಅಂತರ್ಜಾಲದಲ್ಲಿ ತೀರಾ ಕಡಿಮೆ. ಹಾಗಾಗಿ ಜನರ ಬಳಿಗೇ ಹೋಗಿ ಮಾತು ಸಂಗ್ರಹಿಸಲಾಯಿತು. 2024ರಲ್ಲಿ ಪ್ರಕಟವಾದ ‘ಇಂಡಿಕ್‌ವಾಯ್ಸಸ್’ ಸಂಗ್ರಹದಲ್ಲಿ 145 ಜಿಲ್ಲೆಗಳ 16,237 ಜನರ 7,348 ಗಂಟೆಗಳ ಧ್ವನಿಯಿದೆ. ಅದರಲ್ಲಿ ಬರೆದದ್ದನ್ನು ಓದಿದ್ದು ಶೇ 9 ಮಾತ್ರ. ಮುಕ್ಕಾಲು ಪಾಲು ಆ ಕ್ಷಣಕ್ಕೆ ತೋಚಿದಂತೆ ಆಡಿದ ಮಾತು. ಇದೇ ಸರಿಯಾದ ಕ್ರಮ. ಪಡಿತರ ಚೀಟಿಯ ಬಗ್ಗೆ ವಿಚಾರಿಸುವ ಅಜ್ಜಿ ಪುಸ್ತಕದ ಭಾಷೆಯಲ್ಲಿ ಕೇಳುವುದಿಲ್ಲವಲ್ಲ!

ಫಲವೂ ಕಾಣಿಸಿದೆ. 2023ರಲ್ಲಿ ಹರಿಯಾಣದ ಬಿವಾನ್ ಹಳ್ಳಿಯಲ್ಲಿ ಶುರುವಾದ ‘ಜುಗಲ್‌ಬಂದಿ’ ವಾಟ್ಸ್‌ಆ್ಯಪ್ ಸೇವೆಗೆ ಇದೇ ಕೇಂದ್ರದ ಭಾಷಾ ಮಾದರಿಗಳ ಆಸರೆಯಿತ್ತು. ಪಿಂಚಣಿಯ ಬಗ್ಗೆಯೋ ವಿದ್ಯಾರ್ಥಿವೇತನದ ಬಗ್ಗೆಯೋ ಬಾಯಲ್ಲೇ ಕೇಳಿದರೆ ಸಾಕಿತ್ತು. ಅದು ಪ್ರಶ್ನೆಯನ್ನು ಇಂಗ್ಲಿಷಿಗೆ ತಿರುಗಿಸಿ, ಸರ್ಕಾರಿ ಯೋಜನೆಯ ವಿವರ ಹುಡುಕಿ, ಉತ್ತರವನ್ನು ಕೇಳಿದವರ ಭಾಷೆಯಲ್ಲೇ ಮರಳಿಸುತ್ತಿತ್ತು. ಅದೇ ವರ್ಷ ಬಂದ ಅನುವಾದ ಮಾದರಿ ‘ಇಂಡಿಕ್‌ಟ್ರಾನ್ಸ್2’ ಎಲ್ಲರಿಗೂ ಮುಕ್ತ. ಕನ್ನಡದ ಯಾವುದೇ ಸಂಸ್ಥೆ ಅದನ್ನು ಉಚಿತವಾಗಿ ಇಳಿಸಿಕೊಂಡು ಬಳಸಬಹುದು.