ವಟವಟ ಎನ್ನುವ ಗಾಳ

ಕೆರೆ ಏರಿಯ ಮೇಲೆ ಗಾಳ ಹಿಡಿದು ಕೂತವರ ಪಕ್ಕ ನಿಂತು ಜೋರಾಗಿ ಮಾತಾಡಿ ನೋಡಿ. ಬೈಗುಳ ಗ್ಯಾರಂಟಿ! ಸದ್ದಾದರೆ ಮೀನು ಓಡುತ್ತದೆ ಎನ್ನುವುದು ನಮ್ಮಲ್ಲಿ ಎಲ್ಲರೂ ನಂಬಿರುವ ಮಾತು. ಅಮೆರಿಕದಲ್ಲಿ ಬಾಸ್ ಮೀನು ಹಿಡಿಯುವವರು ಇದಕ್ಕೆ ತದ್ವಿರುದ್ಧವಾದ ಗಾಳವೊಂದನ್ನು ಬಳಸುತ್ತಾರೆ. ನೀರಲ್ಲಿ ಎಳೆದರೆ ಸಾಕು, ಕಟಕಟ ನಡುಗುತ್ತಾ ಬರುತ್ತದೆ. ಹೆಸರು ಚಾಟರ್‌ಬೇಟ್. ನಮ್ಮ ಭಾಷೆಯಲ್ಲಿ ಹೇಳುವುದಾದರೆ ವಟವಟ ಗಾಳ.

ಸೀಸದ ತಲೆ, ಅದರಲ್ಲಿ ಹುದುಗಿದ ಕೊಕ್ಕೆ, ಕೊಕ್ಕೆ ಮುಚ್ಚಲು ಸಿಲಿಕಾನ್ ಎಳೆಗಳ ಲಂಗ. ಇಷ್ಟಿದ್ದರೆ ಅದು ಜಿಗ್, ಬಹಳ ಹಿಂದಿನಿಂದಲೂ ಇದ್ದದ್ದೇ. ಸೌತ್ ಕ್ಯಾರೊಲಿನಾದ ರಾನ್ ಡೇವಿಸ್ ಅದರ ಮೂತಿಗೆ ಆರು ಮೂಲೆಯ ಪುಟ್ಟ ಉಕ್ಕಿನ ತಗಡು ಸಿಕ್ಕಿಸಿದರು, ದಾರವನ್ನು ತಲೆಗೆ ಕಟ್ಟದೆ ತಗಡಿಗೇ ಕಟ್ಟಿದರು. 2006ರಲ್ಲಿ ಬ್ರಯನ್ ಥ್ರಿಫ್ಟ್ ಎಂಬ ಯುವಕ ಫ್ಲಾರಿಡಾದ ಓಕೀಚೋಬಿ ಸರೋವರದ ಸ್ಪರ್ಧೆಯನ್ನು ಇದರಿಂದಲೇ ಗೆದ್ದ ಮೇಲೆ ಎಲ್ಲರಿಗೂ ಇದೇ ಬೇಕಾಯಿತು. ನಕಲುಗಳೂ ಬಂದವು. ಮುಂದೆ ಇದರ ಹಕ್ಕು ಅದೇ ರಾಜ್ಯದ ಝೀ-ಮ್ಯಾನ್ ಕಂಪನಿಯ ಪಾಲಾಯಿತು.

ಒಂದು ತುಂಡು ತಗಡು ಅಷ್ಟೆಲ್ಲ ಹೇಗೆ ನಡುಗುತ್ತದೆ? ಮೆಕ್ಯಾನಿಕಲ್ ಓದುವ ನನಗೆ ಮೀನಿಗಿಂತ ಇದೇ ರುಚಿಯಾಗಿ ಕಂಡಿತು. ಗಾಳ ಎಳೆದಾಗ ನೀರು ತಗಡಿಗೆ ಓರೆಯಾಗಿ ಬಡಿಯುತ್ತದೆ. ಅದರ ಎಡ ಬಲ ಅಂಚುಗಳಿಂದ ಸುಳಿಗಳು ಒಂದಾದ ಮೇಲೊಂದು ಕಳಚಿಕೊಳ್ಳುತ್ತವೆ. ತಗಡು ಒಂದು ಕಡೆಗೆ ವಾಲುತ್ತದೆ, ತಲೆಗೆ ಬಡಿದು ನಿಲ್ಲುತ್ತದೆ, ಮತ್ತೆ ಇನ್ನೊಂದು ಕಡೆಗೆ. ತಲೆ ಅಡ್ಡವಿರುವುದರಿಂದ ಫ್ಯಾನಿನಂತೆ ಪೂರ್ತಿ ತಿರುಗಲು ಜಾಗವೇ ಇಲ್ಲ. ಹೊರಗಿನಿಂದ ಯಾರೂ ಅಲ್ಲಾಡಿಸುತ್ತಿಲ್ಲ, ಒಂದೇ ಸಮನೆ ಹರಿಯುವ ನೀರಿನಿಂದ ತಗಡು ತಾನೇ ಕಂಪನ ಹುಟ್ಟಿಸಿಕೊಳ್ಳುತ್ತದೆ. 1940ರಲ್ಲಿ ಗಾಳಿಗೆ ತಿರುಚಿಕೊಂಡು ಬಿದ್ದ ಟಕೋಮಾ ಸೇತುವೆಯ ವಿಡಿಯೊ ನೋಡದ ಎಂಜಿನಿಯರಿಂಗ್ ವಿದ್ಯಾರ್ಥಿ ಇರಲಿಕ್ಕಿಲ್ಲ. ಅದೂ ಇಂಥ ಸ್ವಯಂಪ್ರೇರಿತ ಕಂಪನವೇ. ಅದನ್ನು ಬರೀ ರೆಸೊನೆನ್ಸ್ ಎಂದು ಹೇಳಿ ಮುಗಿಸುವ ನೋಟ್ಸುಗಳು ಇನ್ನೂ ಜೆರಾಕ್ಸ್ ಅಂಗಡಿಗಳಲ್ಲಿ ಓಡಾಡುತ್ತಿವೆ, ಅದು ಬೇರೆ ವಿಷಯ.

ಇನ್ನು ಮೀನಿನ ಕಡೆಯಿಂದ ನೋಡೋಣ. ಮೀನಿನ ಮೈಯ ಎರಡೂ ಪಕ್ಕದಲ್ಲಿ ತಲೆಯಿಂದ ಬಾಲದವರೆಗೆ ಒಂದು ಗೆರೆ ಇರುತ್ತದೆ. ಪಾರ್ಶ್ವರೇಖೆ ಎನ್ನುತ್ತಾರೆ. ಅದರಲ್ಲಿರುವ ಸೂಕ್ಷ್ಮ ರೋಮಕೋಶಗಳು ಹತ್ತಿರದ ನೀರಿನ ಅಲುಗಾಟವನ್ನು ಗುರುತಿಸುತ್ತವೆ. ನೀರು ಕದಡಿ ಕಣ್ಣು ಕಾಣದಿದ್ದರೂ ಪಕ್ಕದಲ್ಲಿ ಏನೋ ಈಜುತ್ತಿದೆ ಎಂದು ಬಾಸ್‌ಗೆ ತಿಳಿಯುವುದು ಹೀಗೆ.

ನಮ್ಮೂರ ಕೆರೆಯಲ್ಲಿ ಬಾಸ್ ಎಲ್ಲಿಂದ ಬರಬೇಕು? ಆದರೆ ಮುರಲ್ ಇದೆ. ಅದೂ ಜೊಂಡಿನ ಮರೆಯಲ್ಲಿ ಹೊಂಚು ಹಾಕಿ ಮೇಲೆ ಬೀಳುವ ಜಾತಿ. ಆದ್ದರಿಂದ ಒಂದು ಗಾಳವನ್ನು ಆನ್‌ಲೈನ್‌ನಲ್ಲಿ ತರಿಸಿ, ಅದನ್ನು ನೋಡಿಕೊಂಡು ಗೆಳೆಯನೂ ನಾನೂ ಇನ್ನೆರಡು ಮಾಡಿದೆವು. ತಲೆಗೆ ಸೀಸ ಬೇಡವೆಂದು ಹಿತ್ತಾಳೆಯನ್ನು ಲೇಥ್‌ನಲ್ಲಿ ಕಡೆದೆವು. ನೀರಿಗೆ ಬಿದ್ದ ಸೀಸದ ತುಂಡು ನುಂಗಿ ಲೂನ್ ಎಂಬ ನೀರುಹಕ್ಕಿಗಳು ಸಾಯುತ್ತವೆಂದು ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯ ಸಣ್ಣ ಸೀಸದ ಜಿಗ್‌ಗಳನ್ನೇ ನಿಷೇಧಿಸಿದೆ. ಹಿತ್ತಾಳೆ ಸೀಸಕ್ಕಿಂತ ಹಗುರ, ಹಾಗಾಗಿ ಅಷ್ಟೇ ತೂಕಕ್ಕೆ ತಲೆ ಸ್ವಲ್ಪ ದಪ್ಪನಾಯಿತು. ಮೊದಲ ತಗಡನ್ನು ಸಪಾಟಾಗಿಯೇ ಬಿಟ್ಟೆವು. ಮನೆಯ ತೊಟ್ಟಿಯಲ್ಲಿ ಎಳೆದರೆ ಸೋಮಾರಿಯಂತೆ ಸುಮ್ಮನೆ ಬಂತು. ಎರಡನೆಯದರ ಮೇಲಂಚನ್ನು ಇಕ್ಕಳದಲ್ಲಿ ತುಸು ಬಗ್ಗಿಸಿದ ಕೂಡಲೇ ಮಣಿಕಟ್ಟಿನವರೆಗೆ ಗುಂಯ್ ಎಂದಿತು. ನೈಲಾನ್ ದಾರ ಎಳೆದಷ್ಟೂ ಹಿಗ್ಗಿ ಈ ನಡುಕವನ್ನು ನುಂಗಿಬಿಡುತ್ತದೆ. ಹೆಣೆದ ದಾರದಲ್ಲಿ ಒಂದೊಂದು ಬಡಿತವೂ ಕೈಗೆ ಸಿಗುತ್ತದೆ.

ಕೆರೆಯ ಮೀನು ಟೆಂಡರ್ ಹಿಡಿದವರದು. ಹಿಡಿದದ್ದನ್ನು ವಾಪಸ್ ಬಿಡಬೇಕು ಎಂಬ ಮಾತಿನ ಮೇಲೆ ಅವರು ಒಪ್ಪಿದರು. ಮೊದಲ ಸಂಜೆ ಎಸೆದೆಸೆದು ಭುಜ ನೋವು ಬಂತೇ ಹೊರತು ಏನೂ ಕಚ್ಚಲಿಲ್ಲ. ಪಕ್ಕದಲ್ಲಿ ಎರೆಹುಳು ಚುಚ್ಚಿ ಕೂತಿದ್ದ ಚಿಕ್ಕಪ್ಪ ಮೂರು ಜಿಲೇಬಿ ಮೀನು ಎತ್ತಿದರು. ಅವನ್ನೂ ಮಾತಿನಂತೆ ನೀರಿಗೇ ಬಿಟ್ಟು, "ಅಲ್ಲ ಕಣೋ, ಕೆರೆಗೆ ಟ್ರ್ಯಾಕ್ಟರ್ ಬಿಟ್ಟಂಗೆ ಬಿಡ್ತಿದ್ದೀಯ, ಮೀನು ನಿಂತ್ಕೊಂಡು ನೋಡ್ತವಾ?" ಎಂದರು.

ಮರುದಿನ ಕೋಡಿಯ ಪಕ್ಕದ ಜೊಂಡಿನ ಅಂಚಿನಲ್ಲಿ ಎಳೆಯುತ್ತಿದ್ದಾಗ ನಡುಕ ತಟಕ್ಕನೆ ನಿಂತಿತು. ಮರುಕ್ಷಣ ಕೋಲು ಬಾಗಿತು. ಮೊಳಕೈ ಉದ್ದದ ಮುರಲ್! ಗೆಳೆಯ ಕುಣಿಯುತ್ತಿದ್ದ. ಚಿಕ್ಕಪ್ಪ ಮಾತ್ರ ನೀರನ್ನು ತೋರಿಸಿದರು. ಮೇಲೆ ಕೆಂಪಗೆ ಕಡ್ಡಿಯಂಥ ಮರಿಗಳ ಗುಂಪು ಗಿಜಿಗಿಜಿ ಎನ್ನುತ್ತಿತ್ತು. "ಮರಿ ಕಾಯೋ ಮೀನು ಅದು. ಬೇಗ ಬಿಡು. ಈಗ ಅದರ ಹತ್ರ ಚಪ್ಪಲಿ ಎಳೆದ್ರೂ ಕಚ್ಚುತ್ತೆ."

ಕೊಕ್ಕೆ ಬಿಡಿಸಿ ಅದೇ ಜಾಗದಲ್ಲಿ ಬಿಟ್ಟೆವು. ಕಾವಲು ತಪ್ಪಿದರೆ ಮರಿಗಳನ್ನು ಬೇರೆ ಮೀನುಗಳು ತಿಂದು ಮುಗಿಸುತ್ತವೆ. ಚಿಕ್ಕಪ್ಪನ ಮಾತು ನಮ್ಮ ಪ್ರಯೋಗದ ಬುಡಕ್ಕೇ ಬಂತು. ಆ ಮೀನು ಕಚ್ಚಿದ್ದು ಕಂಪನಕ್ಕೋ, ಮರಿಗಳ ಹತ್ತಿರ ಏನೋ ಬಂತೆಂಬ ಸಿಟ್ಟಿಗೋ? ಒಂದೇ ಮೀನಿನಿಂದ ಹೇಳುವುದು ಸಾಧ್ಯವಿಲ್ಲ.

ಮಳೆಗಾಲ ಮುಗಿದು ಮರಿಗಳು ಚದುರುವವರೆಗೆ ಕೆರೆಗೆ ಹೋಗುವುದಿಲ್ಲ ಎಂದುಕೊಂಡಿದ್ದೇವೆ. ಆಮೇಲೆ ಒಂದೇ ತೂಕ, ಒಂದೇ ಬಣ್ಣದ ಎರಡು ಗಾಳ, ಒಂದಕ್ಕೆ ತಗಡು, ಇನ್ನೊಂದಕ್ಕೆ ಇಲ್ಲ. ಒಂದು ಸಲ ಇದು, ಒಂದು ಸಲ ಅದು ಎಸೆದು ಲೆಕ್ಕ ಇಡಬೇಕು. ಲೆಕ್ಕ ಬರೆಯಲು ಚಿಕ್ಕಪ್ಪ ಒಪ್ಪಿದ್ದಾರೆ. ಎರೆಹುಳುವಿಗೂ ಒಂದು ಕಾಲಂ ಇರಬೇಕಂತೆ.