ಕೂವೆಮರದ ಕೆಡುಕು ಶುರುವಾಗುವ ಜಾಗ

2018ರ ಸೆಪ್ಟೆಂಬರ್ 21ರಂದು ಆಸ್ಟ್ರೇಲಿಯಾದ ಪರ್ತ್ ನಗರದಿಂದ ಸುಮಾರು 3,500 ಕಿಲೋಮೀಟರ್ ದೂರದ ನಡುಸಾಗರದಲ್ಲಿ ‘ತುರಿಯಾ’ ಎಂಬ ಪುಟ್ಟ ಹಾಯಿದೋಣಿ ಬಿರುಗಾಳಿಗೆ ಸಿಕ್ಕಿ ಪೂರ್ತಿ ಉರುಳಿ ಎದ್ದಿತು. ಎದ್ದದ್ದು ಕೂವೆಮರಗಳಿಲ್ಲದ ದೋಣಿ. ಅದನ್ನು ಒಬ್ಬರೇ ನಡೆಸುತ್ತಿದ್ದ ಭಾರತೀಯ ನೌಕಾಪಡೆಯ ಅಭಿಲಾಷ್ ಟೋಮಿ ಬೆನ್ನುಮೂಳೆಯ ಪೆಟ್ಟಿನಿಂದ ಅಲುಗಾಡಲಾರದೆ ಮಲಗಿದ್ದರು. ಮೂರು ದಿನಗಳ ನಂತರ ಫ್ರಾನ್ಸಿನ ಒಸಿರಿಸ್ ಹಡಗು ಅವರನ್ನು ಕಾಪಾಡಿತು. ಅದೇ ಬಿರುಗಾಳಿಯಲ್ಲಿ ಐರ್ಲೆಂಡಿನ ಗ್ರೆಗರ್ ಮೆಕ್‌ಗಕಿನ್ ಅವರ ದೋಣಿಯೂ ಕೂವೆಮರ ಕಳೆದುಕೊಂಡಿತು.

ಕೂವೆಮರ ಹೋದರೆ ಹಾಯಿ ಕಟ್ಟಲು ಜಾಗವಿಲ್ಲ, ದೋಣಿ ಮುಂದೆ ಸಾಗದು ಎಂಬುದು ಎಲ್ಲರಿಗೂ ಹೊಳೆಯುತ್ತದೆ. ಇನ್ನೊಂದು ಅಪಾಯ ಅಷ್ಟು ಬೇಗ ಹೊಳೆಯುವುದಿಲ್ಲ. ಎತ್ತರದಲ್ಲಿರುವ ಆ ತೂಕವೇ ದೋಣಿ ಥಟ್ಟನೆ ಹೊರಳದಂತೆ ತಡೆಯುತ್ತಿರುತ್ತದೆ. ಅದಿಲ್ಲದ ದೋಣಿ ಪ್ರತಿ ಅಲೆಗೂ ಜೋರಾಗಿ ಹೊಯ್ದಾಡುತ್ತದೆ, ಮತ್ತೆ ಮಗುಚುವ ಸಂಭವವೂ ಹೆಚ್ಚು. ಮುರಿದ ತುಂಡು ತಂತಿಗಳಿಗೆ ಜೋತುಬಿದ್ದು ನೀರಿನಲ್ಲಿ ತೇಲುತ್ತ ದೋಣಿಯ ಪಕ್ಕೆಗೆ ಗುದ್ದುತ್ತಿರುತ್ತದೆ. ಹಾಗಾಗಿ ದೂರಯಾನದ ದೋಣಿಗಳಲ್ಲಿ ದಪ್ಪ ತಂತಿ ಕತ್ತರಿಸುವ ಕಟರ್ ಕೈಗೆಟಕುವಂತೆ ಇದ್ದೇ ಇರುತ್ತದೆ.

ಕೂವೆಮರದ ಮೇಲೆ ಎಷ್ಟು ಹೊರೆ ಬೀಳುತ್ತದೆ? ಗಂಟೆಗೆ 36 ಕಿಲೋಮೀಟರ್ ವೇಗದ ಗಾಳಿ ಒಂದು ಚದರ ಮೀಟರ್ ಹಾಯಿಯನ್ನು ಸುಮಾರು ಆರು ಕಿಲೋ ಭಾರದಷ್ಟು ಬಲದಿಂದ ತಳ್ಳುತ್ತದೆ. ಐವತ್ತು ಚದರ ಮೀಟರ್ ಹಾಯಿಗೆ ಮುನ್ನೂರು ಕಿಲೋ. ಈ ಬಲ ಡೆಕ್ಕಿನಿಂದ ಐದು ಮೀಟರ್ ಎತ್ತರದಲ್ಲಿ ತಾಗುತ್ತದೆ ಎಂದುಕೊಳ್ಳೋಣ. ಕೂವೆಮರವನ್ನು ಪಕ್ಕದಿಂದ ಎಳೆದು ಹಿಡಿದಿರುವ ತಂತಿಯ ಬುಡ ಮರದಿಂದ ಒಂದೂವರೆ ಮೀಟರ್ ದೂರದಲ್ಲಿದ್ದರೆ, ಸನ್ನೆಗೋಲಿನ ಲೆಕ್ಕದಲ್ಲಿ ಆ ತಂತಿ ತಡೆಯಬೇಕಾದ ಎಳೆತ ಸುಮಾರು ಒಂದು ಟನ್. ತಂತಿ ಒಂದು ಟನ್ ಎಳೆಯುತ್ತದೆ ಎಂದರೆ ಕೂವೆಮರವನ್ನು ಕೆಳಕ್ಕೂ ಹೆಚ್ಚುಕಡಿಮೆ ಅಷ್ಟೇ ಒತ್ತುತ್ತದೆ. ಗಾಳಿಯ ವೇಗ ಎರಡು ಪಟ್ಟಾದರೆ ಈ ಅಂಕಿಗಳೆಲ್ಲ ನಾಲ್ಕು ಪಟ್ಟು. ಗಾಳಿ ಏರುತ್ತಿದ್ದಂತೆ ನಾವಿಕರು ಹಾಯಿ ಮಡಚಿ ಕಿರಿದು ಮಾಡುವುದು ಈ ನಾಲ್ಕು ಪಟ್ಟಿನ ಲೆಕ್ಕಕ್ಕೆ ಹೆದರಿಯೇ.

ಅಂದರೆ ಕೂವೆಮರಕ್ಕೆ ಮುಖ್ಯ ಶತ್ರು ಪಕ್ಕದಿಂದ ತಳ್ಳುವ ಗಾಳಿಗಿಂತಲೂ ಮೇಲಿನಿಂದ ಒತ್ತುವ ತಂತಿ. ಉದ್ದನೆಯ ತೆಳು ಕಂಬವನ್ನು ತುದಿಯಿಂದ ಒತ್ತಿದರೆ ಅದು ಪುಡಿಯಾಗುವ ಮೊದಲೇ ಬಿಲ್ಲಿನಂತೆ ಬಾಗಿ ಮುರಿಯುತ್ತದೆ. ಇದರ ಗಣಿತವನ್ನು 1744ರಲ್ಲಿ ಕೊಟ್ಟವನು ಲಿಯೋನಾರ್ಡ್ ಆಯ್ಲರ್. ಕಡಲೇ ಇಲ್ಲದ ಸ್ವಿಟ್ಜರ್ಲೆಂಡಿನ ಈ ಹುಡುಗ ಇಪ್ಪತ್ತರ ಆಸುಪಾಸಿನಲ್ಲೇ, 1727ರಲ್ಲಿ, ಹಡಗಿನ ಕೂವೆಮರಗಳನ್ನು ಎಲ್ಲಿ ಹೇಗೆ ನಿಲ್ಲಿಸಬೇಕೆಂಬ ಬಗ್ಗೆ ಪ್ಯಾರಿಸ್ ಅಕಾಡೆಮಿಯ ಸ್ಪರ್ಧೆಗೆ ಪ್ರಬಂಧ ಕಳಿಸಿದ್ದ. ಮೊದಲ ಬಹುಮಾನ ಪಿಯರ್ ಬೂಗೇರ್‌ಗೆ ಹೋಯಿತು. ಆದರೂ ಇಂದಿನ ಪ್ರತಿ ಕೂವೆಮರದ ವಿನ್ಯಾಸದ ಹಿಂದೆ ಆಯ್ಲರನ ಸೂತ್ರವಿದೆ: ಆಸರೆಯಿಲ್ಲದ ಉದ್ದವನ್ನು ಅರ್ಧ ಮಾಡಿದರೆ ಕಂಬ ನಾಲ್ಕು ಪಟ್ಟು ಹೊರೆ ತಾಳುತ್ತದೆ. ಕಂಬವನ್ನು ದಪ್ಪಗೊಳಿಸಿ ಮೇಲ್ಭಾರ ಹೆಚ್ಚಿಸುವ ಬದಲು ನಡುವೆ ಅಡ್ಡಕೈಗಳನ್ನು ಜೋಡಿಸಿ, ತಂತಿಗಳನ್ನು ಅವುಗಳ ತುದಿಯಿಂದ ಹಾಯಿಸಿ, ನಡುಭಾಗ ಆಚೀಚೆ ಬಾಗದಂತೆ ಹಿಡಿದರೆ ಸಾಕು. ಟೊಳ್ಳು ಅಲ್ಯೂಮಿನಿಯಂ ಕೊಳವೆಯೊಂದು ಮಹಾಸಾಗರ ದಾಟುವುದು ಈ ಜಾಣತನದಿಂದ.

ಆದರೆ ಈ ಜಾಣತನಕ್ಕೆ ಬೆಲೆಯಿದೆ. ಹತ್ತಾರು ತಂತಿ, ಕೊಂಡಿ, ಪಿನ್ನುಗಳಲ್ಲಿ ಒಂದು ಕೈಕೊಟ್ಟರೂ ಕಂಬ ಉರುಳಬಹುದು. ಬಿರುಗಾಳಿಯಲ್ಲಿ ದೋಣಿಯೇ ಉರುಳಿದ್ದು ಟೋಮಿಯವರ ಪಾಲಿಗೆ ಬಂದ ದುರಂತ. ಅಂಥದ್ದೇನೂ ಇಲ್ಲದೆ, ಹದವಾದ ಗಾಳಿಯಲ್ಲೇ ಕೂವೆಮರ ಉರುಳಿದರೆ ಮೊದಲು ನೋಡಬೇಕಾದದ್ದು ಕಂಬವನ್ನಲ್ಲ, ಅದರ ತಂತಿಗಳ ತುದಿಗಳನ್ನು. ಹತ್ತೊಂಬತ್ತು ಎಳೆಗಳ ಸ್ಟೀಲ್ ತಂತಿ ಲೋಹದ ತೋಳಿನೊಳಗೆ ಹೊಗುವ ಜಾಗದಲ್ಲಿ ಪ್ರತಿ ಅಲೆಗೂ ಕೂದಲೆಳೆಯಷ್ಟು ಮಣಿಯುತ್ತದೆ. ಸಣ್ಣ ತಂತಿಯನ್ನು ಕೈಯಲ್ಲಿ ಹಿಡಿದು ಹಿಂದೆಮುಂದೆ ಬಗ್ಗಿಸಿದರೆ ತುಂಡಾಗುವಂತೆ, ಲಕ್ಷಾಂತರ ಅಲೆಗಳ ನಂತರ ಅಲ್ಲಿ ಎಳೆಗಳು ಒಂದೊಂದಾಗಿ ಹರಿಯುತ್ತವೆ. ಇದಕ್ಕೆ ಮದ್ದು ಇನ್ನೂ ಬಿಗಿಯಾದ ಜೋಡಣೆಯಲ್ಲ, ಎಲ್ಲ ದಿಕ್ಕಿಗೂ ಹೊರಳಬಲ್ಲ ಕೊಂಡಿ. ಚಲನೆಯನ್ನು ಕೊಂಡಿ ನುಂಗಿಕೊಂಡರೆ ತಂತಿ ಬಗ್ಗಬೇಕಾಗಿಲ್ಲ.

ಸ್ಟೇನ್‌ಲೆಸ್ ಸ್ಟೀಲಿಗೆ ತುಕ್ಕು ಹಿಡಿಯದು ಎಂಬ ನಂಬಿಕೆಯನ್ನೂ ಕಡಲು ಸುಳ್ಳುಮಾಡುತ್ತದೆ. ಆ ಲೋಹವನ್ನು ಕಾಯುವುದು ಅದರ ಮೈಮೇಲಿನ ತೆಳ್ಳನೆಯ ಕ್ರೋಮಿಯಂ ಆಕ್ಸೈಡ್ ಪೊರೆ. ಪೊರೆ ಗೀಚಿಹೋದಾಗ ಮತ್ತೆ ಕೂಡಿಕೊಳ್ಳಲು ಆಮ್ಲಜನಕ ಬೇಕು. ಡೆಕ್ಕಿನ ಸಂದಿಯಲ್ಲಿ, ಸೀಲೆಂಟಿನ ಅಡಿಯಲ್ಲಿ ನಿಂತ ಉಪ್ಪುನೀರಿಗೆ ಗಾಳಿಯಾಡುವುದಿಲ್ಲ. ತಂತಿಯ ಬುಡವನ್ನು ಹಿಡಿದಿರುವ ಪಟ್ಟಿ ಹೊರಗೆ ಫಳಫಳ ಹೊಳೆಯುತ್ತಿದ್ದರೂ ಡೆಕ್ಕಿನೊಳಗೆ ಸವೆದು ಬಿರುಕುಬಿಟ್ಟಿರಬಹುದು. ಬಿಚ್ಚಿ ನೋಡುವುದರ ಹೊರತು ಅದನ್ನು ತಿಳಿಯುವ ಸುಲಭ ದಾರಿಯಿಲ್ಲ. ನೋಡಲು ಚೆನ್ನಾಗಿದ್ದರೂ ಹತ್ತು ಹದಿನೈದು ವರ್ಷಕ್ಕೆ ತಂತಿಗಳನ್ನೆಲ್ಲ ಬದಲಿಸುವ ರೂಢಿ ದುಬಾರಿಯೇ. ಆದರೂ ಅದು ಸರಿ ಎಂದೇ ನನ್ನ ಅಭಿಪ್ರಾಯ.

ಹಾಯಿಯಲ್ಲಿ ಕೂಡ ಮೊದಲು ಸೋಲುವುದು ಜೋಡಣೆಯೇ. ಪಾಲಿಯೆಸ್ಟರ್ ಬಟ್ಟೆ ಹತ್ತಿಯಂತೆ ಕೊಳೆಯುವುದಿಲ್ಲ, ಹಿಗ್ಗುವುದೂ ಕಡಿಮೆ. ಆದರೆ ಬಟ್ಟೆ ಗಡುಸಾದ್ದರಿಂದ ಹೊಲಿಗೆಯ ದಾರ ಅದರೊಳಗೆ ಹುದುಗದೆ ಮೇಲೆಯೇ ನಿಲ್ಲುತ್ತದೆ. ತಂತಿಗೆ ಉಜ್ಜುವುದು ಅದೇ, ಬಿಸಿಲಿನ ಅತಿನೇರಳೆ ಕಿರಣಗಳಿಗೆ ಮೊದಲು ಸೊರಗುವುದೂ ಅದೇ. ಸಾಗರ ದಾಟುವ ಹಾಯಿಗಳಿಗೆ ಮೂರು ಸಾಲು ಹೊಲಿಗೆ ಹಾಕುವುದು, ಮೂಲೆಗಳಿಗೆ ಪದರದ ಮೇಲೆ ಪದರ ಜೋಡಿಸುವುದು, ಸುತ್ತಿಟ್ಟಾಗ ಹೊರಗೆ ಕಾಣುವ ಅಂಚಿಗೆ ಬಿಸಿಲು ತಡೆಯುವ ಪಟ್ಟಿ ಹೊಲಿಯುವುದು ಇದಕ್ಕಾಗಿ. ಗಾಳಿಗೆ ಪಟಪಟನೆ ಬಡಿದಾಡಲು ಬಿಟ್ಟರೆ ಎಂಥ ಹಾಯಿಯೂ ಬೇಗ ಹಾಳಾಗುತ್ತದೆ.

2025ರ ಮೇ 21ರಂದು ಕಾರವಾರದಲ್ಲಿ ನೌಕಾಪಡೆಗೆ ಸೇರಿದ ಹಾಯಿಹಡಗು ‘ಕೌಂಡಿನ್ಯ’ ಈ ವಿದ್ಯೆಯನ್ನು ಇನ್ನೊಂದು ತುದಿಯಿಂದ ಪರೀಕ್ಷಿಸುತ್ತಿದೆ. ಅಜಂತಾದ ಚಿತ್ರವೊಂದನ್ನು ಆಧರಿಸಿ ಗೋವಾದಲ್ಲಿ ಕಟ್ಟಿದ ಈ ಹಡಗಿನ ಹಲಗೆಗಳನ್ನು ಮೊಳೆಯಿಲ್ಲದೆ ತೆಂಗಿನನಾರಿನ ಹಗ್ಗದಿಂದ ಹೊಲಿಯಲಾಗಿದೆ. ಅದರ ಹಾಯಿಯ ಮೇಲೆ ನಮ್ಮ ರಾಜ್ಯಲಾಂಛನದ ಗಂಡಭೇರುಂಡವಿದೆ. ಕೂವೆಮರವನ್ನು ಹಿಡಿದ ಹಗ್ಗಗಳ ಎಳೆತ ಕಡೆಗೆ ಬೀಳುವುದು ಹಡಗಿನ ಮೈಮೇಲೆ. ಹೊಲಿದ ಮೈ ಅಲೆಗೆ ತಕ್ಕಂತೆ ಮಣಿಯುವುದರಿಂದ ಕಂಬದ ಲೆಕ್ಕವನ್ನು ಒಡಲಿನ ಲೆಕ್ಕದಿಂದ ಬೇರೆ ಮಾಡಿ ನೋಡುವಂತಿಲ್ಲ. ಆ ಚಿತ್ರದ ಕಾಲದ ಹಡಗುಗಳ ನಕ್ಷೆ ಒಂದೂ ಉಳಿದಿರಲಿಲ್ಲ. ಒಡಲಿನ ಮಾದರಿಯನ್ನು ಮದ್ರಾಸ್ ಐಐಟಿಯಲ್ಲಿ ನೀರಿಗಿಳಿಸಿ ಪರೀಕ್ಷಿಸಿದರು, ಮರದ ಕೂವೆಯ ಬಲವನ್ನು ನೌಕಾಪಡೆಯೇ ಲೆಕ್ಕಹಾಕಿ ನೋಡಿತು. ಡಿಸೆಂಬರ್ 29ರಂದು ಪೋರಬಂದರಿನಿಂದ ಹೊರಟ ಕೌಂಡಿನ್ಯ, ಎಂಜಿನ್ನಿಲ್ಲದೆ ಅರಬ್ಬಿ ಸಮುದ್ರ ದಾಟಿ ಮಸ್ಕತ್ ತಲುಪಿತು.