ನಿಮಗಿದು ಗೊತ್ತೆ? ಆಹಾರದ ಅಲರ್ಜಿ ಚರ್ಮದಿಂದಲೂ ಶುರುವಾಗಬಹುದು

ಆಹಾರದ ಅಲರ್ಜಿ ಹೊಟ್ಟೆಯಲ್ಲೇ ಹುಟ್ಟಬೇಕೆಂದಿಲ್ಲ. ಎಸ್ಜಿಮಾದಿಂದ ಕೆಂಪಾಗಿ, ಬಿರಿದು, ನೀರೊಸರುವ ಹಸುಗೂಸಿನ ಕೆನ್ನೆಗೆ ಮನೆಯ ಧೂಳಿನಲ್ಲಿರುವ ಮೊಟ್ಟೆಯ ಅಥವಾ ಕಡಲೆಕಾಯಿಯ ಕಣ ತಗುಲಿದರೆ, ಮಗು ಅದನ್ನು ತಿನ್ನುವ ಮೊದಲೇ ದೇಹ ಅದನ್ನು ಶತ್ರುವೆಂದು ಗುರುತಿಸಿಬಿಡಬಹುದು. ಹಾಗಾದರೆ ಚರ್ಮವನ್ನು ಬೇಗ ಗುಣಪಡಿಸಿದರೆ ಅಲರ್ಜಿ ತಪ್ಪೀತೆ? ಜಪಾನಿನಲ್ಲಿ ಎಸ್ಜಿಮಾ ಇದ್ದ, 7ರಿಂದ 13 ವಾರದ 650 ಶಿಶುಗಳ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಗಾಯವಿದ್ದಲ್ಲಿ ಮಾತ್ರ ಸ್ಟಿರಾಯ್ಡ್ ಮುಲಾಮು ಹಚ್ಚಿದ ಗುಂಪಿನಲ್ಲಿ 28 ವಾರದ ಹೊತ್ತಿಗೆ ಶೇ. 41.9 ಮಕ್ಕಳಿಗೆ ಮೊಟ್ಟೆಯ ಅಲರ್ಜಿ ಇತ್ತು. ಇಡೀ ಮೈಗೆ ಹಚ್ಚಿದ ಗುಂಪಿನಲ್ಲಿ ಶೇ. 31.4.

ಬರೀ ಮಾಯಿಶ್ಚರೈಸರ್ ಸಾಲದೆ ಎಂದು ಕೇಳಬಹುದು. ಬ್ರಿಟನ್ನಿನಲ್ಲಿ ಸುಮಾರು 1,400 ಶಿಶುಗಳ ಅಧ್ಯಯನದಲ್ಲಿ ಅದನ್ನು ಮೊದಲ ವರ್ಷವಿಡೀ ನಿತ್ಯ ಹಚ್ಚಿದರೂ ಎಸ್ಜಿಮಾ ತಪ್ಪಲಿಲ್ಲ. ಆದ್ದರಿಂದ, ಆಗಲೇ ಎದ್ದಿರುವ ಉರಿಯೂತವನ್ನು ತಡಮಾಡದೆ ತಣಿಸುವುದೇ ಮುಖ್ಯವೆಂದು ತೋರುತ್ತದೆ. ಸ್ಟಿರಾಯ್ಡ್ ಬಗೆಗಿನ ಹೆದರಿಕೆಯೂ ಸುಳ್ಳಲ್ಲ: ಜಪಾನಿನಲ್ಲಿ ಇಡೀ ಮೈಗೆ ಮುಲಾಮು ಹಚ್ಚಿದ ಮಕ್ಕಳ ತೂಕ, ಎತ್ತರ ತುಸು ಕಡಿಮೆಯಿತ್ತು. ಹೀಗಾಗಿ ಯಾವ ಮುಲಾಮು, ಎಷ್ಟು ದಿನ ಎಂಬುದನ್ನು ವೈದ್ಯರೇ ನಿರ್ಧರಿಸಲಿ. ಬಿರಿದ ಚರ್ಮಕ್ಕೆ ಕಡಲೆಹಿಟ್ಟು, ಬಾದಾಮಿ ಎಣ್ಣೆ ಹಚ್ಚಬೇಡಿ; ಕೂಸಿನ ತುರಿಕೆ ತಾನಾಗಿ ಹೋದೀತೆಂದು ಕಾಯದೆ ಮಕ್ಕಳ ವೈದ್ಯರಿಗೆ ತೋರಿಸಿ.